ಮಂಗಳೂರಿಗೆ ಅಣುಬಾಂಬು ಬಿದ್ದರೆ ಬದಿಯಡ್ಕದವರು ಏನು ಮಾಡಬೇಕು?

ಪ್ರಶ್ನೆ: ನಮ್ಮ ಮನೆ ಬದಿಯಡ್ಕದ ಹತ್ತಿರ. 2025ರ ಮೇ 7ರಂದು ದೇಶದಾದ್ಯಂತ ಮಾಕ್ ಡ್ರಿಲ್ ನಡೆದ ಮೇಲೆ ಮನೆಯಲ್ಲಿ ಇದೇ ಮಾತು. ಯುದ್ಧವಾಗಿ ಮಂಗಳೂರಿಗೆ ಅಣುಬಾಂಬು ಬಿದ್ದರೆ ನಮ್ಮಲ್ಲಿಗೆ ತಟ್ಟುತ್ತದೆಯೇ? ಎಷ್ಟು ದೂರ ಹೋದರೆ ಸುರಕ್ಷಿತ? ಗುಡ್ಡದ ಸುರಂಗದೊಳಗೆ ಕೂತರಾಯಿತು ಎನ್ನುತ್ತಾರೆ ಅತ್ತೆ. ಕಾರು ಹತ್ತಿ ಘಟ್ಟ ಏರೋಣ ಎನ್ನುತ್ತಾನೆ ಮಗ. ನಮ್ಮದು ಹಂಚಿನ ಮನೆ, ಹಟ್ಟಿಯಲ್ಲಿ ಎರಡು ದನಗಳಿವೆ.

ಉತ್ತರ: ಮಂಗಳೂರು ಪೇಟೆಯ ನಡುವಿನಿಂದ ಬದಿಯಡ್ಕಕ್ಕೆ ನೇರ ದೂರ ಸುಮಾರು 40 ಕಿ.ಮೀ. ಈ ದೂರದಲ್ಲಿ ಬಾಂಬಿನ ಹೊಡೆತಕ್ಕೆ ಮನೆ ಬೀಳುವುದಿಲ್ಲ, ಬಿಸಿಗೆ ಮೈ ಸುಡುವುದಿಲ್ಲ. ನಿಮ್ಮವರೆಗೆ ಬರಬಹುದಾದದ್ದು ಗಾಳಿಯಲ್ಲಿ ತೇಲಿಕೊಂಡು ಬರುವ ವಿಕಿರಣ ಧೂಳು. ಅದರ ಮಟ್ಟಿಗೆ ಇಷ್ಟು ಕಿಲೋಮೀಟರ್ ಆಚೆ ಸುರಕ್ಷಿತ ಎಂಬ ಗೆರೆ ಇಲ್ಲ. ನಿಮ್ಮನ್ನು ಉಳಿಸುವುದು ತಲೆಯ ಮೇಲೆ ಮತ್ತು ಸುತ್ತಲೂ ಇರುವ ಮಣ್ಣು-ಕಲ್ಲು-ಕಾಂಕ್ರೀಟಿನ ದಪ್ಪ, ಮತ್ತು ಅದರೊಳಗೆ ನೀವು ಕಳೆಯುವ ಗಂಟೆಗಳು. ಆದ್ದರಿಂದ ಮಗನ ಮಾತು ಬೇಡ. ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದನ್ನು ಮುಂದೆ ವಿವರವಾಗಿ ನೋಡೋಣ.

ಮೊದಲು ದೂರದ ಲೆಕ್ಕ. ಗಾಳಿಯಲ್ಲಿ ಸಿಡಿಯುವ ಅಣುಬಾಂಬಿನ ಶಕ್ತಿಯಲ್ಲಿ ಸರಿಸುಮಾರು ಅರ್ಧ ಆಘಾತ ಅಲೆಯಾಗಿ, ಮೂರರಲ್ಲೊಂದು ಭಾಗ ಬೆಳಕು-ಬಿಸಿಯಾಗಿ, ಉಳಿದದ್ದು ವಿಕಿರಣವಾಗಿ ಹೊರಬೀಳುತ್ತದೆ. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಸುಮಾರು 580 ಮೀಟರ್ ಎತ್ತರದಲ್ಲಿ ಸಿಡಿದದ್ದು ಸುಮಾರು 15 ಕಿಲೋಟನ್ನಿನ ಬಾಂಬು (ಕಿಲೋಟನ್ ಎಂದರೆ ಸಾವಿರ ಟನ್ ಟಿಎನ್‌ಟಿ ಸ್ಫೋಟಕದಷ್ಟು ಶಕ್ತಿ, ಮೆಗಾಟನ್ ಅದರ ಸಾವಿರ ಪಟ್ಟು). ಆ ಗಾತ್ರದ ಬಾಂಬಿಗೆ ಸಾಮಾನ್ಯ ಮನೆಗಳು ನೆಲಸಮವಾಗುವ ವಲಯ ಸುಮಾರು 1.7 ಕಿ.ಮೀ.ವರೆಗೆ. ಬಯಲಲ್ಲಿ ನಿಂತವರ ಚರ್ಮ ಆಳಕ್ಕೆ ಸುಡುವುದು ಸುಮಾರು 2 ಕಿ.ಮೀ.ವರೆಗೆ, ಕಿಟಕಿ ಗಾಜು ಪುಡಿಯಾಗಿ ಜನ ಗಾಯಗೊಳ್ಳುವುದು 4–5 ಕಿ.ಮೀ.ವರೆಗೆ. ಬಾಂಬು 100 ಕಿಲೋಟನ್ ಆದರೆ ಮನೆ ಬೀಳುವ ವಲಯ ಸುಮಾರು 3.2 ಕಿ.ಮೀ., ಗಾಜಿನ ವಲಯ 8–9 ಕಿ.ಮೀ. ಒಂದು ಮೆಗಾಟನ್ ಆದರೆ ಕ್ರಮವಾಗಿ 7 ಮತ್ತು 18 ಕಿ.ಮೀ. ಆಸುಪಾಸು, ಸುಡುವ ವಲಯ ಸುಮಾರು 12 ಕಿ.ಮೀ.

ಈ ಅಂಕಿಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಅವುಗಳ ಹಿಂದಿನ ನಿಯಮ ತಿಳಿದರೆ ಸಾಕು. ಆಘಾತದ ದೂರ ಬಾಂಬಿನ ಶಕ್ತಿಯ ಘನಮೂಲಕ್ಕೆ ತಕ್ಕಂತೆ ಬೆಳೆಯುತ್ತದೆ. ಶಕ್ತಿ ಸಾವಿರ ಪಟ್ಟು ಹೆಚ್ಚಿದರೆ ದೂರ ಹೆಚ್ಚುವುದು ಹತ್ತೇ ಪಟ್ಟು. 'ಒಂದು ಬಾಂಬಿಗೆ ಇಡೀ ಕರಾವಳಿ ಬೂದಿ' ಎಂದು ಮೊಬೈಲಿನಲ್ಲಿ ಹರಿದಾಡುವ ಮಾತು ಈ ಲೆಕ್ಕಕ್ಕೆ ನಿಲ್ಲುವುದಿಲ್ಲ. ಭಾರತವೂ ಪಾಕಿಸ್ತಾನವೂ 1998ರ ಮೇ ತಿಂಗಳಲ್ಲಿ ಪರೀಕ್ಷಿಸಿದ ಬಾಂಬುಗಳು ಕಿಲೋಟನ್ ಲೆಕ್ಕದವು, ಮೆಗಾಟನ್ ಲೆಕ್ಕದವಲ್ಲ. ಮಂಗಳೂರು ಪೇಟೆಯಿಂದ ತಲಪಾಡಿ ಗಡಿಗೆ ನೇರ ದೂರ ಸುಮಾರು 13 ಕಿ.ಮೀ., ಮಂಜೇಶ್ವರಕ್ಕೆ 20 ಕಿ.ಮೀ.ಗಿಂತ ಸ್ವಲ್ಪ ಕಡಿಮೆ, ಕುಂಬಳೆಗೆ 33ರಷ್ಟು, ಕಾಸರಗೋಡು ಪೇಟೆಗೆ 40 ದಾಟುತ್ತದೆ. ನೂರು ಕಿಲೋಟನ್ನಿನ ಬಾಂಬಿಗೂ ತಲಪಾಡಿಯ ಮನೆಗಳು ನಿಂತೇ ಇರುತ್ತವೆ. ಹಾಗೆಂದು ಇದನ್ನು ಹಗುರವಾಗಿ ಹೇಳುತ್ತಿಲ್ಲ. ಹಿರೋಶಿಮಾದಲ್ಲಿ ಆ ವರ್ಷದ ಕೊನೆಯೊಳಗೆ ಸತ್ತವರು ಸುಮಾರು 1,40,000 ಮಂದಿ. ಪೇಟೆಯ ನಡುವೆ ಏನಾಗುತ್ತದೆ ಎಂಬುದಕ್ಕೆ ಆ ಸಂಖ್ಯೆ ಸಾಕು.

ನಿಮ್ಮ ದೂರದಲ್ಲಿ ಎಚ್ಚರ ಬೇಕಾದ ಒಂದು ಸಂಗತಿ ಬೆಳಕು. ಸ್ಫೋಟದ ಕಡೆ ನೋಡಿದ ಕಣ್ಣು ಕೆಲವು ನಿಮಿಷ ಏನನ್ನೂ ಕಾಣದ ಹಾಗಾಗಬಹುದು, ರಾತ್ರಿಯಾದರೆ ಇನ್ನೂ ದೂರದವರೆಗೆ. ಬೈಕಿನಲ್ಲಿರುವವನಿಗೆ ಅಷ್ಟೇ ಸಾಕು ಅಪಾಯಕ್ಕೆ. ಇನ್ನೊಂದು, ಬೆಳಕು ಕಂಡ ಮೇಲೆ ಸದ್ದು ತಡವಾಗಿ ಬರುತ್ತದೆ. ಮಿಂಚು ಕಂಡ ಮೇಲೆ ಗುಡುಗಿಗೆ ಎಣಿಸುವ ಹಾಗೆಯೇ, ಕಿಲೋಮೀಟರಿಗೆ ಮೂರು ಸೆಕೆಂಡು. 40 ಕಿ.ಮೀ.ಗೆ ಎರಡು ನಿಮಿಷ. ಈ ಎರಡು ನಿಮಿಷದಲ್ಲಿ ಜನ ಏನಾಯಿತೆಂದು ನೋಡಲು ಕಿಟಕಿಗೆ ಬರುತ್ತಾರೆ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಉಲ್ಕೆ ಸಿಡಿದಾಗ ಸುಮಾರು 1,500 ಮಂದಿ ಚಿಕಿತ್ಸೆಗೆ ಹೋಗಬೇಕಾಯಿತು, ಹೆಚ್ಚಿನವರಿಗೆ ಗಾಯ ಮಾಡಿದ್ದು ಒಡೆದ ಗಾಜು. ದೊಡ್ಡ ಬಾಂಬಾದರೆ ನಿಮ್ಮಲ್ಲೂ ಗಾಜು ಬಿರಿಯಬಹುದು, ಸಡಿಲ ಹಂಚು ಜಾರಬಹುದು. ಕಣ್ಣು ಕುಕ್ಕುವ ಬೆಳಕು ಕಂಡರೆ ಕಿಟಕಿಗೆ ಬೆನ್ನು ಹಾಕಿ, ಗೋಡೆಯ ಬುಡದಲ್ಲಿ ಬೋರಲು ಮಲಗಿ, ಕೈಯಿಂದ ತಲೆ-ಕುತ್ತಿಗೆ ಮುಚ್ಚಿಕೊಳ್ಳಿ. ಮೂರು ನಿಮಿಷ ಕಳೆಯುವವರೆಗೆ ಏಳಬೇಡಿ.

ಇನ್ನು ಧೂಳು. ಬಾಂಬು ಎತ್ತರದಲ್ಲಿ ಸಿಡಿದರೆ ಬೆಂಕಿಯುಂಡೆ ನೆಲ ಮುಟ್ಟುವುದಿಲ್ಲ, ಹತ್ತಿರದ ಊರುಗಳಿಗೆ ಬೀಳುವ ವಿಕಿರಣ ಧೂಳು ಕಡಿಮೆ. ನೆಲದಲ್ಲೋ ನೆಲದ ಹತ್ತಿರವೋ ಸಿಡಿದರೆ ಸಾವಿರಾರು ಟನ್ ಮಣ್ಣು ಆವಿಯಾಗಿ, ವಿಕಿರಣ ಪದಾರ್ಥದ ಜೊತೆ ಸೇರಿ ಮೇಲೇರಿ, ಮರಳಿನ ಕಾಳಿನಷ್ಟೋ ಹಿಟ್ಟಿನಷ್ಟೋ ಗಾತ್ರದ ಕಣಗಳಾಗಿ ಗಾಳಿ ಹೋದ ಕಡೆ ಇಳಿಯುತ್ತದೆ. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ 15 ಮೆಗಾಟನ್ ಬಾಂಬು ಸಿಡಿಸಿತು. ಅಲ್ಲಿಂದ 150 ಕಿ.ಮೀ.ಗೂ ದೂರದ ರೊಂಗೆಲಾಪ್ ದ್ವೀಪದಲ್ಲಿ ಕೆಲವು ಗಂಟೆಗಳ ನಂತರ ಬಿಳಿ ಬೂದಿ ಬಿತ್ತು. ಮಕ್ಕಳು ಅದರಲ್ಲಿ ಆಡಿದರು. ಜನರನ್ನು ತೆರವು ಮಾಡಿದ್ದು ಎರಡು ದಿನ ಕಳೆದ ಮೇಲೆ. ಅಷ್ಟರಲ್ಲಿ ಚರ್ಮ ಉರಿಯತೊಡಗಿತ್ತು, ಮುಂದಿನ ವಾರಗಳಲ್ಲಿ ಸುಟ್ಟ ಹುಣ್ಣುಗಳೆದ್ದವು, ಕೂದಲು ಉದುರಿತು. ಸ್ಫೋಟದ ಸ್ಥಳದಿಂದ ಅಷ್ಟೇ ದೂರ ಬೇರೆ ದಿಕ್ಕಿನಲ್ಲಿದ್ದಿದ್ದರೆ ಅವರಿಗೆ ಹೀಗಾಗುತ್ತಿರಲಿಲ್ಲ.

ಹಾಗಾದರೆ ನಮ್ಮ ಗಾಳಿ ಯಾವ ಕಡೆ? ಮಂಗಳೂರಿನಿಂದ ಬದಿಯಡ್ಕ ಆಗ್ನೇಯ ದಿಕ್ಕಿಗೆ ಇದೆ. ಬೇಸಿಗೆಯ ಮಧ್ಯಾಹ್ನ ಕರಾವಳಿಯಲ್ಲಿ ಬೀಸುವ ವಾಯವ್ಯ ಗಾಳಿ ನೇರ ನಿಮ್ಮ ಕಡೆಗೇ. ಮಳೆಗಾಲದಲ್ಲಿ ಕೆಳಸ್ತರದ ಗಾಳಿ ಪಡುವಣದಿಂದ ಮೂಡಣಕ್ಕೆ, ಅಂದರೆ ಪುತ್ತೂರು, ಸುಳ್ಯ, ಘಟ್ಟದ ಕಡೆಗೆ. ಆದರೆ ಅದೇ ಹೊತ್ತಿನಲ್ಲಿ ಹತ್ತು-ಹದಿನೈದು ಕಿ.ಮೀ. ಎತ್ತರದಲ್ಲಿ ಗಾಳಿ ತಿರುಗುಮುರುಗಾಗಿ ಮೂಡಣದಿಂದ ಸಮುದ್ರದ ಕಡೆಗೆ ಹರಿಯುತ್ತದೆ. ಅಣಬೆ ಮೋಡ ಯಾವ ಎತ್ತರಕ್ಕೆ ಹೋಯಿತೋ ಆ ಎತ್ತರದ ಗಾಳಿ ಅದನ್ನು ಒಯ್ಯುತ್ತದೆ. ಅಂಗಳದಲ್ಲಿ ನಿಂತು ತೆಂಗಿನ ಗರಿ ಯಾವ ಕಡೆ ಬಾಗಿದೆ ಎಂದು ನೋಡಿ ತೀರ್ಮಾನಿಸಲು ಬರುವುದಿಲ್ಲ. ಮಗನ ಯೋಜನೆ ಬೇಡ ಎಂದದ್ದು ಇದಕ್ಕೇ. ಘಟ್ಟದ ಕಡೆ ಹೊರಟವರು ಧೂಳಿನ ಜೊತೆಗೇ ಪ್ರಯಾಣ ಮಾಡುತ್ತಿರಬಹುದು, ಅದೂ ಎಲ್ಲರೂ ಒಟ್ಟಿಗೆ ರಸ್ತೆಗಿಳಿದ ದಿನ. ಕಾರಿನ ತೆಳು ತಗಡು, ಗಾಜು ಈ ವಿಕಿರಣವನ್ನು ಹೆಚ್ಚುಕಡಿಮೆ ತಡೆಯುವುದೇ ಇಲ್ಲ.

ಸಮಾಧಾನದ ಸಂಗತಿಯೊಂದಿದೆ. ಈ ಧೂಳಿನ ಉಗ್ರತೆ ಬಹಳ ಬೇಗ ಇಳಿಯುತ್ತದೆ. ಕಾಲ ಏಳು ಪಟ್ಟಾದಾಗ ವಿಕಿರಣ ಹತ್ತರಲ್ಲೊಂದು ಪಾಲಾಗುತ್ತದೆ. ಸ್ಫೋಟವಾಗಿ ಒಂದು ಗಂಟೆಯ ಹೊತ್ತಿಗೆ 1000 ಇದ್ದದ್ದು 7 ಗಂಟೆಗೆ 100, ಎರಡು ದಿನಕ್ಕೆ 10, ಎರಡು ವಾರಕ್ಕೆ 1. ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ನಮ್ಮ ಊರುಗಳಿಗೆ ಮಣ್ಣು-ನೀರಿಗೆ ಸೇರಿದ ವಿಷ ಎಂದರೆ ವರ್ಷಗಟ್ಟಲೆಯ ಸಂಕಟ ಎಂಬ ಭಯ ಸಹಜ. ಬಾಂಬಿನ ಧೂಳಿನಲ್ಲೂ ಸೀಸಿಯಂ, ಸ್ಟ್ರಾನ್ಷಿಯಂನಂಥ ದೀರ್ಘಾಯುಷ್ಯದ ಅಂಶಗಳಿವೆ, ಅವುಗಳ ಅರ್ಧಾಯು (ಅರ್ಧಕ್ಕಿಳಿಯಲು ಬೇಕಾದ ಕಾಲ) ಮೂವತ್ತು ವರ್ಷದ ಆಸುಪಾಸು. ಆದರೆ ಮನುಷ್ಯನನ್ನು ವಾರಗಳಲ್ಲಿ ಕೊಲ್ಲುವ ವಿಕಿರಣ ಅವುಗಳದ್ದಲ್ಲ, ಮೊದಲ ದಿನಗಳ ಅಲ್ಪಾಯುಷಿ ಅಂಶಗಳದ್ದು.

ಒಂದು ಉದಾಹರಣೆ ಹಾಕಿ ನೋಡೋಣ. ಒಂದು ಗಂಟೆಯ ಹೊತ್ತಿಗೆ ನಿಮ್ಮ ಅಂಗಳದಲ್ಲಿ ಗಂಟೆಗೆ 1 ಗ್ರೇ ವಿಕಿರಣ ಇದೆ ಎಂದುಕೊಳ್ಳಿ (ಗ್ರೇ ಎಂದರೆ ಮೈ ಹೀರಿಕೊಂಡ ವಿಕಿರಣದ ಅಳತೆ, 1 ಗ್ರೇ ತಲುಪಿದರೆ ವಾಂತಿ ಶುರುವಾಗಬಹುದು, 4 ಗ್ರೇ ಆಸುಪಾಸು ಒಮ್ಮೆಗೇ ತಗುಲಿದರೆ ಚಿಕಿತ್ಸೆಯಿಲ್ಲದ ಅರ್ಧದಷ್ಟು ಜನ ಉಳಿಯುವುದಿಲ್ಲ). ಆ ಅಂಗಳದಲ್ಲಿ ಮೊದಲ ದಿನವಿಡೀ ಇದ್ದವನಿಗೆ ಒಟ್ಟು 2.3 ಗ್ರೇ ತಗುಲುತ್ತದೆ. ಹಂಚಿನ ಮನೆಯ ಒಳಗಿದ್ದವನಿಗೆ ಒಂದು ಗ್ರೇ ಹತ್ತಿರ. ಎರಡು ಮಹಡಿಯ ತಾರಸಿ ಮನೆಯ ಕೆಳ ಅಂತಸ್ತಿನ ನಡುಕೋಣೆಯಲ್ಲಿದ್ದವನಿಗೆ ಹತ್ತರಲ್ಲೊಂದು ಪಾಲು, ಅಂದರೆ 0.23 ಗ್ರೇ, ಇವನಿಗೆ ಕಾಯಿಲೆಯ ಲಕ್ಷಣವೇ ಕಾಣಿಸದು. ಮೂವರೂ ಒಂದೇ ಊರಿನವರು, ಒಂದೇ ದೂರದವರು. ಅಲ್ಲೇ ಉಳಿದರೆ ಮುಂದೆ ವರ್ಷಗಟ್ಟಲೆ ಹೊರಗೆ ಸಿಗುವ ಒಟ್ಟು ವಿಕಿರಣದಲ್ಲಿ ಅರ್ಧದ ಹತ್ತಿರ ಆ ಮೊದಲ 24 ಗಂಟೆಗಳಲ್ಲೇ ಮುಗಿದಿರುತ್ತದೆ. 'ಒಂದು ದಿನ ಹೊರಗೆ ಬರಬೇಡಿ' ಎನ್ನುವುದರ ಹಿಂದಿನ ಗಣಿತ ಇದು.

ಹಿರೋಶಿಮಾದಲ್ಲಿ ಸ್ಫೋಟಕೇಂದ್ರದಿಂದ ಕೇವಲ 170 ಮೀಟರ್ ದೂರದ ಕಾಂಕ್ರೀಟ್ ಕಟ್ಟಡದ ನೆಲಮಾಳಿಗೆಗೆ ಆ ಕ್ಷಣದಲ್ಲಿ ಇಳಿದಿದ್ದ ಏಝೊ ನೊಮುರಾ ಬದುಕುಳಿದು 1982ರವರೆಗೆ ಬಾಳಿದರು. ಅದು ಅದೃಷ್ಟವೂ ಹೌದು, ಕಾಂಕ್ರೀಟೂ ಹೌದು.

ಈಗ ನಿಮ್ಮ ಮನೆಯ ವಿಷಯ. ಧೂಳಿನಿಂದ ಹೊರಟು ಗೋಡೆಯನ್ನೂ ತೂರಿ ಬರುವ ಗಾಮಾ ಕಿರಣವನ್ನು ಅರ್ಧಕ್ಕಿಳಿಸಲು ಸುಮಾರು 6 ಸೆಂ.ಮೀ. ಕಾಂಕ್ರೀಟ್ ಬೇಕು, ಇಲ್ಲವೇ 9 ಸೆಂ.ಮೀ. ಗಟ್ಟಿ ಮಣ್ಣು, ಇಲ್ಲವೇ 18 ಸೆಂ.ಮೀ. ನೀರು, ಇಲ್ಲವೇ 28 ಸೆಂ.ಮೀ. ಮರ. ನಮ್ಮ ಮುರಕಲ್ಲು ಮಣ್ಣಿಗೂ ಕಾಂಕ್ರೀಟಿಗೂ ನಡುವೆ ಬರುತ್ತದೆ, 20–22 ಸೆಂ.ಮೀ. ಗೋಡೆ ಅಂಗಳದ ಧೂಳಿನಿಂದ ಬರುವ ಕಿರಣವನ್ನು ಐದಾರರಲ್ಲೊಂದು ಪಾಲಿಗೆ ಇಳಿಸುತ್ತದೆ. ಆದ್ದರಿಂದ ನಿಮ್ಮ ಗೋಡೆ ಒಳ್ಳೆಯದು, ಸಮಸ್ಯೆ ಮಾಡಿನದ್ದು. ಹಂಚಿನ ಮೇಲೆ ಕೂತ ಧೂಳಿಗೂ ನಿಮ್ಮ ತಲೆಗೂ ನಡುವೆ ಇರುವುದು ತೆಳುವಾದ ಸುಟ್ಟ ಮಣ್ಣು ಮತ್ತು ಅಟ್ಟದ ಹಲಗೆ ಮಾತ್ರ, ಎರಡೂ ಲೆಕ್ಕಕ್ಕಿಲ್ಲ. 12 ಸೆಂ.ಮೀ. ತಾರಸಿ ಒಂದು ನಾಲ್ಕರಲ್ಲೊಂದಕ್ಕೆ ಇಳಿಸಿದರೆ, ಎರಡು ತಾರಸಿ ಹದಿನಾರರಲ್ಲೊಂದಕ್ಕೆ.

ಹಾಗಾಗಿ ಮೊದಲ ಆಯ್ಕೆ, ಹತ್ತು-ಹದಿನೈದು ನಿಮಿಷದಲ್ಲಿ ತಲುಪಬಹುದಾದ ಎರಡೋ ಮೂರೋ ಮಹಡಿಯ ತಾರಸಿ ಕಟ್ಟಡ: ನೆರೆಮನೆ, ಶಾಲೆ, ಬ್ಯಾಂಕ್. ಕೆಳ ಅಂತಸ್ತು, ಹೊರಗೋಡೆಯಿಂದ ದೂರದ ಕೋಣೆ. ದೊಡ್ಡ ಕಟ್ಟಡದಲ್ಲಾದರೆ ಮೇಲಿನ ಅಂತಸ್ತೂ ಬೇಡ, ಕಿಟಕಿ ಬದಿಯೂ ಬೇಡ. ನೆರೆಯವರೊಂದಿಗೆ ಈ ಮಾತನ್ನು ಶಾಂತಿಯ ಕಾಲದಲ್ಲೇ ಆಡಿಡಿ. ಅದು ಆಗದಿದ್ದರೆ ನಿಮ್ಮ ಮನೆಯಲ್ಲೇ, ಗುಡ್ಡ ಕಡಿದು ಕಟ್ಟಿದ ಮನೆಯಾದರೆ ಬರೆಗೆ, ಅಂದರೆ ಕಡಿದ ಗುಡ್ಡದ ಗೋಡೆಗೆ, ಆತುಕೊಂಡ ಹಿಂದಿನ ಕೋಣೆ. ಒಂದು ಬದಿಯ ಕಿರಣ ಪೂರ್ತಿ ನಿಂತಂತೆ. ಜೋರು ಮಳೆಯ ದಿನಗಳಲ್ಲಿ ಆ ಬರೆ ಜರಿಯುವಂಥದ್ದಾದರೆ ಮಾತ್ರ ಅಲ್ಲಿ ಕೂರಬೇಡಿ.

ಆ ಕೋಣೆಯನ್ನು ಗಟ್ಟಿ ಮಾಡುವುದು ಹೇಗೆ? ಸಿಮೆಂಟಿನ ಖಾಲಿ ಚೀಲಕ್ಕೆ ಮಣ್ಣು ತುಂಬಿ ಕಿಟಕಿಯ ಎತ್ತರಕ್ಕೆ ಪೇರಿಸಿ. ಎರಡು ಸಾಲು ಪೇರಿಸಿದರೆ 30 ಸೆಂ.ಮೀ. ಹತ್ತಿರ ಬರುತ್ತದೆ, ಕಿರಣ ಹತ್ತರಲ್ಲೊಂದಾಗುತ್ತದೆ. ನೀರು ತುಂಬಿದ 200 ಲೀಟರಿನ ಡ್ರಮ್ಮು ಎಂಟರಲ್ಲೊಂದಕ್ಕೆ ಇಳಿಸುತ್ತದೆ, ಕುಡಿಯಲು ನೀರೂ ಆಯಿತು. ಅಡಿಕೆ ಗೋಣಿಗಳನ್ನೂ ಇಡಬಹುದು, ಆದರೆ ಅವು ಹಗುರ, ಮಣ್ಣಿನ ಅರ್ಧದಷ್ಟೂ ಕೆಲಸ ಮಾಡುವುದಿಲ್ಲ. ಇಲ್ಲಿ ಆಗುವ ದೊಡ್ಡ ತಪ್ಪು, ತಲೆಯ ಮೇಲೆ ಭಾರ ಹೇರುವುದು. ಒಂದು ಚದರ ಮೀಟರಿನ ಮೇಲೆ 30 ಸೆಂ.ಮೀ. ಮಣ್ಣು ಎಂದರೆ ಸುಮಾರು ಅರ್ಧ ಟನ್. ಅಟ್ಟದ ಮೇಲೋ ಮೇಜಿನ ಮೇಲೋ ಹಾಕಿದರೆ ಕೆಳಗಿದ್ದವರ ಮೇಲೆಯೇ ಕುಸಿಯುತ್ತದೆ. ಭಾರ ಬದಿಗಳಲ್ಲಿ ಮಾತ್ರ ಇರಲಿ.

ಅತ್ತೆಯವರ ಸುರಂಗಕ್ಕೆ ಬರೋಣ. ಬಾಯಾರು, ಎಣ್ಮಕಜೆ, ಬದಿಯಡ್ಕ ಭಾಗದ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗಗಳ ಮೇಲೆ ಹಲವು ಮೀಟರ್ ಮುರಕಲ್ಲು ಇರುತ್ತದೆ. ಒಂದು ಮೀಟರ್ ಗಟ್ಟಿ ಮಣ್ಣೇ ಕಿರಣವನ್ನು ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಮಾಡುವುದರಿಂದ, ತಡೆಯ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಜಾಗ ಜಿಲ್ಲೆಯಲ್ಲಿ ಸಿಗಲಾರದು. ತೊಂದರೆ ಉಸಿರಿನದ್ದು. ಸುರಂಗ ಒಬ್ಬ ಮನುಷ್ಯ ನಡೆಯುವಷ್ಟೇ ಅಗಲ, ಬಾಯಿ ಒಂದೇ. ಮನೆಮಂದಿ ಒಳಗೆ ಕೂತರೆ ಆಮ್ಲಜನಕ ಇಳಿದು ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಕಾಲಡಿ ನೀರು ಹರಿಯುತ್ತದೆ, ವರ್ಷಗಟ್ಟಲೆ ಯಾರೂ ಹೊಕ್ಕದ ಸುರಂಗದ ಛಾವಣಿ ಉದುರಲೂಬಹುದು. ಒಳಗೆ ಒಲೆ, ಸೀಮೆಎಣ್ಣೆ ದೀಪ, ಜನರೇಟರ್ ಖಂಡಿತ ಬೇಡ. ಧೂಳು ಬೀಳುವ ಮೊದಲ ಕೆಲವು ಗಂಟೆಗೆ, ಇಬ್ಬರು-ಮೂವರು, ಬಾಯಿಯಿಂದ ಐದಾರು ಮೀಟರ್ ಒಳಗೆ, ಆಚೀಚೆ ಗಾಳಿಯಾಡುವಲ್ಲಿ ಕೂರುವುದಾದರೆ ಸರಿ. ತಲೆನೋವು, ಮಂಪರು, ಏದುಸಿರು ಬಂದರೆ ತಕ್ಷಣ ಹೊರಬನ್ನಿ. ಪುಟ್ಟ ಮಕ್ಕಳನ್ನೂ ವಯಸ್ಸಾದವರನ್ನೂ ಅಲ್ಲಿ ರಾತ್ರಿ ಕಳೆಯಿಸುವುದನ್ನು ಒಪ್ಪಲಾರೆ.

ಬೆಳಕು ಕಂಡ ಮೇಲೆ 40 ಕಿ.ಮೀ.ಗೆ ಧೂಳು ತಲುಪಲು ಒಂದು ಗಂಟೆಯೋ ಹೆಚ್ಚೋ ಹಿಡಿಯುತ್ತದೆ, ಗಾಳಿಯ ವೇಗದ ಮೇಲೆ. ಮಂಜೇಶ್ವರದವರಿಗೆ ಅದರ ಅರ್ಧ. ಆ ಹೊತ್ತಿನಲ್ಲಿ ತೋಟದಲ್ಲಿದ್ದವರನ್ನು ಕರೆಯಿರಿ, ಕೊಡ-ಹಂಡೆ ತುಂಬಿಸಿ, ಬಾವಿಯ ಬಾಯಿಗೆ ಟಾರ್ಪಾಲು ಕಟ್ಟಿ ಸುತ್ತ ಕಲ್ಲಿಡಿ, ಟ್ಯಾಂಕಿನ ಮುಚ್ಚಳ ನೋಡಿ. ಮಾಡಿನ ಮಳೆನೀರನ್ನು ಬಾವಿಗೆ ಇಂಗಿಸಲು ಪೈಪು ಹಾಕಿಕೊಂಡವರು ಈಗ ಬಹಳ ಮಂದಿ. ಆ ಪೈಪನ್ನು ಕಳಚಿ ಬೇರೆ ಕಡೆ ತಿರುಗಿಸಿ. ಇದನ್ನು ಮರೆತರೆ ಮೊದಲ ಮಳೆಗೆ ಇಡೀ ಮಾಡಿನ ಧೂಳು ಬಾವಿಗೆ ಹೋಗುತ್ತದೆ. ಮಳೆ ಹಂಚಿನ ಮಾಡನ್ನು ತೊಳೆಯುವುದು ನಿಮಗೆ ಲಾಭವೇ. ತಾರಸಿಯಲ್ಲಿ ಧೂಳು ಮೂಲೆಗಳಲ್ಲಿ ನಿಲ್ಲುತ್ತದೆ, ಇಳಿಜಾರು ಹಂಚಿನಲ್ಲಿ ನಿಲ್ಲುವುದಿಲ್ಲ.

ಬಾಗಿಲು-ಕಿಟಕಿ ಹಾಕಿ, ಹೊರಗಾಳಿ ಎಳೆಯುವ ಎಸಿ ನಿಲ್ಲಿಸಿ. ಆದರೆ ಸಂದುಗಳಿಗೆಲ್ಲ ಟೇಪು ಅಂಟಿಸಿ ಕೋಣೆಯನ್ನು ಡಬ್ಬಿ ಮಾಡಬೇಡಿ. ಧೂಳು ಅನಿಲವಲ್ಲ, ಸಂದಿಯಲ್ಲಿ ನುಸುಳುವ ಅಲ್ಪಸ್ವಲ್ಪಕ್ಕಿಂತ ಉಸಿರುಗಟ್ಟುವ ಅಪಾಯ ದೊಡ್ಡದು. ಹೊರಗಿನಿಂದ ಬಂದವರು ಮೇಲಿನ ಬಟ್ಟೆಯನ್ನು ಬಾಗಿಲಲ್ಲೇ ಕಳಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ದೂರ ಇಡಲಿ. ಅಷ್ಟರಿಂದಲೇ ಮೈಮೇಲಿನ ಧೂಳಿನ ಬಹುಪಾಲು ಹೋಗುತ್ತದೆ. ಸಾಬೂನು ಹಚ್ಚಿ ಸ್ನಾನ, ಉಜ್ಜಿ ಗಾಯ ಮಾಡಿಕೊಳ್ಳಬಾರದು. ಕೂದಲಿಗೆ ಕಂಡಿಷನರ್ ಬೇಡ, ತೆಂಗಿನೆಣ್ಣೆಯೂ ಬೇಡ, ಧೂಳು ಅಂಟಿಕೊಳ್ಳುತ್ತದೆ.

ತಲೆಗೆ ದಿನಕ್ಕೆ ಮೂರು-ನಾಲ್ಕು ಲೀಟರಿನಂತೆ ನೀರು, ಒಲೆ ಬೇಡದ ತಿನಿಸು, ದಿನನಿತ್ಯದ ಮಾತ್ರೆ, ಮುಚ್ಚಳದ ಬಕೆಟ್, ಟಾರ್ಚ್, ಬ್ಯಾಟರಿಯ ರೇಡಿಯೊ ಇರಲಿ. ಮೊಬೈಲ್ ಟವರು ನಿಲ್ಲುವುದು ಬಹುತೇಕ ಖಚಿತ. ಮಂಗಳೂರು ಆಕಾಶವಾಣಿಯೇ ಮೌನವಾಗಿರಬಹುದು. ಕಣ್ಣೂರು, ಮಡಿಕೇರಿ ಕೇಂದ್ರಗಳು ನಿಮ್ಮ ಮನೆಯಲ್ಲಿ ಎಲ್ಲಿ ಸಿಗುತ್ತವೆ ಎಂದು ಈಗಲೇ ತಿರುಗಿಸಿ ನೋಡಿ ರೇಡಿಯೊದ ಮೇಲೆ ಬರೆದಿಡಿ. ಮೊದಲ 24 ಗಂಟೆ ಯಾವ ಕಾರಣಕ್ಕೂ ಹೊರಗೆ ಬೇಡ. ಎರಡನೆಯ ದಿನ ತೀರಾ ಅಗತ್ಯವಾದರೆ ಕೆಲವು ನಿಮಿಷ. ತೆರವು ಮಾಡಲು ಅಧಿಕಾರಿಗಳು ಹೇಳಿದರೆ ಅವರು ಹೇಳಿದ ದಾರಿಯಲ್ಲೇ ಹೋಗಿ, ಧೂಳು ಎಲ್ಲಿ ಬಿದ್ದಿದೆ ಎಂದು ಅಳೆದಿರುವವರು ಅವರೇ.

ಕುದಿಸಿದರೆ ನೀರಿನ ವಿಕಿರಣ ಹೋಗುವುದಿಲ್ಲ. ಕೊಳವೆಬಾವಿಯ ನೀರು, ಮುಚ್ಚಿದ ಬಾವಿಯ ನೀರು, ಸುರಂಗದ ಒಳಗಿನಿಂದಲೇ ಹಿಡಿದ ನೀರು ಚೆನ್ನಾಗಿರುತ್ತದೆ. ಸುರಂಗದ ನೀರು ತುಂಬುವ ತೆರೆದ ಕೆರೆಯದ್ದು ಬೇಡ. ಬಾಯಾರಿಕೆಯಲ್ಲಿ ಬಳಲುವುದಕ್ಕಿಂತ ಸಿಕ್ಕ ನೀರು ಕುಡಿಯುವುದೇ ಮೇಲು. ಮನೆಯೊಳಗಿನ ಅಕ್ಕಿ, ಬೇಳೆ, ತೆಂಗಿನಕಾಯಿಗೆ ತೊಂದರೆಯಿಲ್ಲ. ಸೊಪ್ಪು ಬೇಡ.

ಅಯೋಡಿನ್ ಬಗ್ಗೆ ಬಹಳ ಗೊಂದಲ ಇದೆ. ಪೊಟ್ಯಾಸಿಯಂ ಅಯೊಡೈಡ್ ಮಾತ್ರೆ ಥೈರಾಯ್ಡ್ ಗ್ರಂಥಿಗೆ ವಿಕಿರಣಶೀಲ ಅಯೋಡಿನ್ ಸೇರುವುದನ್ನಷ್ಟೇ ತಡೆಯುತ್ತದೆ. ಅಂಗಳದ ಗಾಮಾ ಕಿರಣಕ್ಕೆ ಅದು ಏನೂ ಮಾಡದು. ದೊಡ್ಡವರಿಗೆ 130 ಮಿ.ಗ್ರಾಂ., 3ರಿಂದ 18 ವರ್ಷದವರಿಗೆ 65, ಒಂದು ತಿಂಗಳಿಂದ ಮೂರು ವರ್ಷದವರೆಗೆ 32, ನವಜಾತ ಶಿಶುವಿಗೆ 16. ಆರೋಗ್ಯ ಇಲಾಖೆ ಹೇಳಿದಾಗ ಮಾತ್ರ. ಮುಖ್ಯವಾಗಿ ಬೇಕಾದದ್ದು ಮಕ್ಕಳಿಗೆ, ಬಸುರಿ-ಬಾಣಂತಿಯರಿಗೆ. 40 ದಾಟಿದವರಿಗೆ ಸಾಮಾನ್ಯವಾಗಿ ಬೇಕಾಗದು. ಅಯೋಡಿನ್ ಉಪ್ಪಿನಿಂದ ಅಷ್ಟು ಪಡೆಯಬೇಕಾದರೆ ಕಿಲೋಗಟ್ಟಲೆ ತಿನ್ನಬೇಕು. ಗಾಯಕ್ಕೆ ಹಚ್ಚುವ ಟಿಂಚರ್ ವಿಷ, ಕುಡಿಯಬಾರದು.

ಕೊನೆಗೆ ದನಗಳು. ಬೆಳಕು ಕಂಡ ಕೂಡಲೇ ಹಟ್ಟಿಗೆ ತಂದು ಕಟ್ಟಿ, ಎರಡು ದಿನಕ್ಕಾಗುವಷ್ಟು ಬೈಹುಲ್ಲು ಮತ್ತು ಬಾನಿ ತುಂಬ ನೀರು ಮುಂದಿಟ್ಟುಬಿಡಿ. ನಡುವೆ ಹಾಲು ಕರೆಯಲೆಂದು ಹೊರಗೆ ಹೋಗಬೇಡಿ. ಕೆಚ್ಚಲು ಬಾತರೂ ಆ ಒಂದು ದಿನ ತಡೆದುಕೊಳ್ಳಲಿ. ಬೈಹುಲ್ಲಿನ ಬಣವೆ ಬಯಲಲ್ಲಿದ್ದರೆ ಮೇಲಿನ ಪದರ ತೆಗೆದು ಒಳಗಿನದನ್ನು ಕೊಡಿ. ಹಸಿಹುಲ್ಲು ಮೇಯಿಸುವುದು ಪರೀಕ್ಷೆಯಾಗುವವರೆಗೆ ಪೂರ್ತಿ ಬಂದ್, ಏಕೆಂದರೆ ಹುಲ್ಲಿನ ಮೇಲಿನ ಅಯೋಡಿನ್-131 ಹಾಲಿನ ಮೂಲಕ ಮಕ್ಕಳ ಕುತ್ತಿಗೆಯ ಥೈರಾಯ್ಡ್ ಗ್ರಂಥಿಗೆ ಬರುತ್ತದೆ. ಅದರ ಅರ್ಧಾಯು 8 ದಿನ. 80 ದಿನಕ್ಕೆ ಸಾವಿರದಲ್ಲೊಂದು ಪಾಲಷ್ಟೇ ಉಳಿಯುತ್ತದೆ. ಅಲ್ಲಿಯವರೆಗೆ ಮಕ್ಕಳಿಗೆ ಮೊದಲೇ ತಂದಿಟ್ಟ ಹಾಲಿನ ಪುಡಿ ಕೊಡಿ. ಹಟ್ಟಿಯಲ್ಲೇ ಕಟ್ಟಿ, ಹಳೆಯ ಬೈಹುಲ್ಲು, ಮುಚ್ಚಿದ ಬಾವಿಯ ನೀರು ಕೊಟ್ಟು ಸಾಕಿದ ದನದ ಹಾಲನ್ನೂ ಪಶುವೈದ್ಯ ಇಲಾಖೆಯವರು ಅಳೆದು ಹೇಳಿದ ಮೇಲೆಯೇ ಬಳಸಿ.